ನಾಲ್ಕನೇ ನಂಬರಿನ ಪ್ರಶ್ನೆ

ಜೂನ್ 24, ದಿಲ್ಲಿ

ಲೋಕಸಭೆಯ ಕಚೇರಿಯವರು ಹೊಸ ಸದಸ್ಯರಿಗೆಲ್ಲ ಒಂದೊಂದು ಚೀಲ ಕೊಟ್ಟರು. ಅದರಲ್ಲಿ ಸಂವಿಧಾನದ ಪ್ರತಿ, ನಿಯಮಗಳ ಪುಸ್ತಕ, ಒಂದು ಪೆನ್ನು, ಮತ್ತು ಈ ದಿನಚರಿ. ಅರ್ಧ ವರ್ಷ ಕಳೆದ ಮೇಲೆ ಕೈಗೆ ಬಂದ ದಿನಚರಿ. ಜನವರಿಯಿಂದ ಇಲ್ಲಿಯವರೆಗಿನ ಹಾಳೆಗಳೆಲ್ಲ ಖಾಲಿ. ಆದರೆ ನಡೆಯಬೇಕಾದ್ದೆಲ್ಲ ನಡೆದದ್ದು ಆ ಖಾಲಿ ಹಾಳೆಗಳಲ್ಲೇ. ಜನವರಿಯಲ್ಲಿ ಸರ್ಕಾರ ಈರುಳ್ಳಿ ಹೊರದೇಶಕ್ಕೆ ಹೋಗದಂತೆ ತಡೆಯಿತು, ಬೆಲೆ ನೆಲ ಕಚ್ಚಿತು. ಫೆಬ್ರುವರಿಯಲ್ಲಿ ನಾನು ತಾಲೂಕು ಮಾರುಕಟ್ಟೆಯ ಹರಾಜು ಕಟ್ಟೆ ಹತ್ತಿ ಕೂತೆ, ಹನ್ನೊಂದು ದಿನ ಹರಾಜು ಆಗಗೊಡಲಿಲ್ಲ. ಮಾರ್ಚಿನಲ್ಲಿ ಒಂಬತ್ತು ದಿನ ಜೈಲಿನ ಭಾಕರಿ ತಿಂದೆ. ಏಪ್ರಿಲ್‌ನಲ್ಲಿ ಪಕ್ಷದವರು ಮನೆ ಬಾಗಿಲಿಗೆ ಟಿಕೆಟ್ ತಂದರು. ಈಗ ಎಂ.ಪಿ.

ಇವತ್ತು ಪ್ರಮಾಣವಚನ. ಈರುಳ್ಳಿ ಹಾರ ಹಾಕಿಕೊಂಡೇ ಒಳಗೆ ಹೋಗಬೇಕೆಂದು ಊರಿನಿಂದ ಕಟ್ಟಿಸಿ ತಂದಿದ್ದೆ. ಬಾಗಿಲಲ್ಲಿ ಕಾವಲಿನವನು ಹಾರ ಇಳಿಸಿಕೊಂಡು ಒಂದು ಹಿತ್ತಾಳೆ ಬಿಲ್ಲೆ ಕೊಟ್ಟ. ಹೊರಗೆ ಬಂದು ಬಿಲ್ಲೆ ತೋರಿಸಿದಾಗ ಹಾರ ಸಿಕ್ಕಿತು, ಎರಡು ಗಡ್ಡೆ ಕಡಿಮೆ ಇದ್ದವು. ಮಧ್ಯಾಹ್ನದ ಊಟಕ್ಕೆ ನಂಚಿಕೊಂಡಿರಬೇಕು. ನಮ್ಮ ಬೆಳೆಗೆ ಸಂಸತ್ತಿನಲ್ಲಿ ಸಿಕ್ಕ ಮೊದಲ ಗಿರಾಕಿ.

ಗೆದ್ದ ದಿನ ಸೋಪಾನ ದೇವರೆ ನನ್ನನ್ನು ಹೆಗಲ ಮೇಲೆ ಹೊತ್ತು ಖಡಕ್‌ಪಿಂಪ್ರಿ ಊರೆಲ್ಲ ಸುತ್ತಿದ್ದು ನೆನಪಾಯಿತು. ನನ್ನ ಬದುವಿಗೆ ಅವನ ಬದು, ನನ್ನ ವಯಸ್ಸಿಗೆ ಅವನ ವಯಸ್ಸು. ಇಳಿಸುವಾಗ ಎಲ್ಲರ ಮುಂದೆ, "ಲೇ ಯಾದ್ಯಾ, ಈಗ ಇಷ್ಟ್ ಭಾರ ಅದಿ. ದಿಲ್ಲಿಗೆ ಹೋಗಿ ಇನ್ನಷ್ಟು ಉಬ್ಬಬ್ಯಾಡ, ಮುಂದಿನ ಸಲ ನಾ ಎತ್ತಂಗಿಲ್ಲ" ಅಂದ. ಸಂಸತ್ತಿನ ಕಾಗದದಲ್ಲಿ ನಾನು ಶ್ರೀ ಯಾದವರಾವ ಗಾಂಗುರ್ಡೆ. ಅವನ ಬಾಯಲ್ಲಿ ಯಾದ್ಯಾ. ಎರಡನೆಯದೇ ಕಿವಿಗೆ ಹಿತ.

ಜುಲೈ 5, ಖಡಕ್‌ಪಿಂಪ್ರಿ

ಊರಿಗೆ ಬಂದ ಮರುದಿನವೇ ಮೂಗಿನ ಕೆಲಸ. ಈ ಊರಲ್ಲಿ ನನಗಿಂತ ನನ್ನ ಮೂಗಿಗೆ ಮರ್ಯಾದೆ ಹೆಚ್ಚು.

ಏಪ್ರಿಲ್‌ನಲ್ಲಿ ಕಿತ್ತ ಈರುಳ್ಳಿಯನ್ನು ಬಿದಿರು ದಬ್ಬೆಯ ಗೋಡೆಯ ಉದ್ದನೆ ಚಾಳುಗಳಲ್ಲಿ ತುಂಬಿಡುತ್ತೇವೆ. ಗಾಳಿ ಆಡುತ್ತಿದ್ದರೆ ದೀಪಾವಳಿವರೆಗೂ ಬಾಳುತ್ತದೆ, ಮಳೆಗಾಲದ ಥಂಡಿ ಹೊಕ್ಕಿತೋ ಒಳಗಿಂದ ಕೊಳೆಯುತ್ತದೆ. ಯಾರ ಚಾಳು ಯಾವಾಗ ಒಡೆಯಬೇಕು ಎಂದು ಹೇಳುವುದು ನಮ್ಮಪ್ಪನ ಕಾಲದಿಂದ ನಮ್ಮ ಮನೆಯ ಹೊಣೆ. ಬೆಳಿಗ್ಗೆ ಬರಿಹೊಟ್ಟೆಯಲ್ಲಿ, ಬಾಯಿ ಮುಕ್ಕಳಿಸಿ, ಗಾಳಿ ಬೀಸಿ ಹೊರಬರುವ ಕಡೆ ನಿಂತು ಮೂಸಬೇಕು. ಹಿಂದಿನ ದಿನ ತಂಬಾಕು ಮುಟ್ಟಬಾರದು, ಬೆಳ್ಳುಳ್ಳಿ ತಿನ್ನಬಾರದು. ಕೊಳೆಯುವಾಗ ಮೊದಲು ಬರುವುದು ದುರ್ವಾಸನೆಯಲ್ಲ, ಹಸಿ ಬೆಲ್ಲದ ಸಿಹಿ ವಾಸನೆ. ಅದು ಬಂದ ಎಂಟು ದಿನದೊಳಗೆ ಚಾಳು ಒಡೆದು ಮಾರಿದರೆ ಮಾಲು ಉಳಿಯುತ್ತದೆ. ತಡವಾದರೆ ಒಂದು ಗಡ್ಡೆ ಹತ್ತನ್ನು ಕೆಡಿಸುತ್ತದೆ. ಇಪ್ಪತ್ತೆರಡು ವರ್ಷದಲ್ಲಿ ನಾನು ಒಮ್ಮೆಯೂ ತಪ್ಪಿಲ್ಲ. ಹಾಗಾಗಿ ನಾನು ಹೇಳುವವರೆಗೆ ಯಾರೂ ಚಾಳಿಗೆ ಕೈ ಹಚ್ಚುವುದಿಲ್ಲ.

ಇವತ್ತು ಕೌಸಾಬಾಯಿಯ ಚಾಳಿನ ಮೂಡಣ ಮೂಲೆಯಲ್ಲಿ ಬೆಲ್ಲ ಬಂತು. "ಅವ್ವಾ, ಈ ವಾರ ಒಡಿ" ಅಂದೆ. ಗಂಡ ಸತ್ತ ಮೇಲೆ ಒಬ್ಬಳೇ ಒಕ್ಕಲುತನ ಮಾಡುವ ಮುದುಕಿ, ನಾಲಗೆ ಕತ್ತರಿ. "ಎಂ.ಪಿ. ಆದ್ರೂ ಮೂಗು ಇದ್ದಲ್ಲೇ ಐತಲ್ಲ, ಪುಣ್ಯಾ" ಅಂದಳು. ಉಳಿದ ಚಾಳುಗಳೆಲ್ಲ ಒಣ ಒಣ.

ಸಂಜೆ ವಿಠೋಬನ ಗುಡಿ ಕಟ್ಟೆಯ ಮೇಲೆ ಎಲ್ಲರೂ ಸೇರಿದರು. ಈಗ ಮಾರಬೇಕೋ, ತಡೆಯಬೇಕೋ ಎಂಬುದೊಂದೇ ಮಾತು. ರಫ್ತಿಗೆ ಹಾಕಿದ ತಡೆ ತೆಗೆದರೆ ಬೆಲೆ ಮೂರು ಪಟ್ಟು. ತೆಗೆಯದಿದ್ದರೆ ಬಿತ್ತಿದ ಬೀಜದ ದುಡ್ಡೂ ಹುಟ್ಟುವುದಿಲ್ಲ.

"ನಾನು ಸದನದಾಗ ಪ್ರಶ್ನೆ ಹಾಕ್ತೀನಿ. ಮಂತ್ರಿ ಎದ್ದು ನಿಂತು ಬಾಯಿಲೇ ಉತ್ರ ಕೊಡಬೇಕು. ಅಲ್ಲಿತನಕ ತಡೀರಿ" ಅಂದೆ.

"ಎಲ್ಲಿತನಕ?" ಸೋಪಾನ ಕೇಳಿದ.

"ನಾ ಹೇಳೂತನಕ."

ಮೂಗಿನ ಮಾತಿಗೆ ಎಲ್ಲರೂ ಹೇಗೆ ತಲೆಯಾಡಿಸುತ್ತಿದ್ದರೋ ಹಾಗೇ ಇದಕ್ಕೂ ಆಡಿಸಿದರು. ನನಗೆ ಹೆಮ್ಮೆ ಅನಿಸಿತು. ಹೆಂಡತಿ ಚಂದ್ರಭಾಗಾ ಮಾತ್ರ ಊಟಕ್ಕೆ ಬಡಿಸುತ್ತ, "ಮೂಗಿನ ಕೆಲಸ ಬ್ಯಾರೆ, ಬಾಯಿ ಕೆಲಸ ಬ್ಯಾರೆ ಅಲ್ಲೇನ್ರೀ" ಅಂದಳು.

ಜುಲೈ 21, ದಿಲ್ಲಿ

ಸರ್ಕಾರ ಕೊಟ್ಟ ಮನೆ. ಕಿಟಕಿ ತೆರೆಯಲು ಬರುವುದಿಲ್ಲ, ಎ.ಸಿ. ಗೋಡೆಗೇ ಕೂತಿದೆ. ಊರಿಂದ ತಂದ ಒಂದು ಮೂಟೆ ಈರುಳ್ಳಿ ಮಂಚದ ಕೆಳಗಿಟ್ಟಿದ್ದೆ. ಆಪ್ತ ಸಹಾಯಕ ತ್ಯಾಗಿ ಅದನ್ನು ಅಡಿಗೆಮನೆಗೆ ಸಾಗಿಸಿ ಕೋಣೆಗೆಲ್ಲ ಸುಗಂಧದ ಡಬ್ಬಿ ಹೊಡೆದ. ನನಗಿಂತ ಮೊದಲು ಐದು ಎಂ.ಪಿ.ಗಳನ್ನು ಪಳಗಿಸಿದವನು. "ಸರ್, ದೊಡ್ಡ ದೊಡ್ಡವರು ಬರ್ತಾರೆ. ಮನೆ ಮಂಡಿ ತರ ವಾಸನೆ ಬರಬಾರದು" ಎನ್ನುತ್ತಾನೆ. ಮಲ್ಲಿಗೆಯೋ ಸೋಪೋ ತಿಳಿಯದ ವಾಸನೆ, ತಲೆ ಹಿಡಿಯುತ್ತದೆ.

ಪ್ರಶ್ನೆ ಬರೆದುಕೊಟ್ಟೆ. ದಿನಕ್ಕೆ ಇಪ್ಪತ್ತು ಪ್ರಶ್ನೆಗೆ ಮಾತ್ರ ಬಾಯಿ ಉತ್ತರದ ಅವಕಾಶವಂತೆ, ಯಾವ ಇಪ್ಪತ್ತು ಎನ್ನುವುದು ಚೀಟಿ ಎತ್ತಿ ತೀರ್ಮಾನ. ಆ ಇಪ್ಪತ್ತರಲ್ಲೂ ಒಂದು ಗಂಟೆಯಲ್ಲಿ ಮುಗಿಯುವುದು ನಾಲ್ಕೋ ಐದೋ. ಮಿಕ್ಕವಕ್ಕೆ ಕಾಗದದ ಉತ್ತರ. "ಕಾಗದದ ಉತ್ತರ ಅಂದ್ರೆ?" ಕೇಳಿದೆ. ತ್ಯಾಗಿ ಹಳೆಯದೊಂದು ತೆಗೆದು ತೋರಿಸಿದ. 'ವಿಷಯವು ಪರಿಶೀಲನೆಯಲ್ಲಿದೆ.' ಇಷ್ಟೇ. ಇಂಥ ಮಾತನ್ನು ಯಾವ ಮನುಷ್ಯ ಇನ್ನೊಬ್ಬ ಮನುಷ್ಯನ ಮುಖ ನೋಡಿ ಹೇಳಲು ಸಾಧ್ಯ? ಸಿಟ್ಟಿಗೆ ಆ ಹಾಳೆ ಮುದ್ದೆ ಮಾಡಿ ಎಸೆದೆ. ತ್ಯಾಗಿ ಎತ್ತಿ ಬಿಡಿಸಿ ಮತ್ತೆ ಕಡತಕ್ಕೆ ಹಾಕಿದ.

ಜುಲೈ 29

ನಾಲ್ಕನೇ ನಂಬರು! ಆಗಸ್ಟ್ 6ಕ್ಕೆ, ಮಂಗಳವಾರ.

ತ್ಯಾಗಿ ಮಿಠಾಯಿ ತಂದ. "ಸರ್, ಮೊದಲನೇ ಅಧಿವೇಶನ, ನಾಲ್ಕನೇ ನಂಬರು ಅಂದ್ರೆ ಲಾಟರಿ." ಖಾತೆಯ ಒಬ್ಬ ದೊಡ್ಡ ಅಧಿಕಾರಿ ನಮ್ಮ ಜಿಲ್ಲೆಯ ಕಡೆಯವರು, ಅವರನ್ನೂ ಕಂಡು ಬಂದೆ. ತಡೆ ತೆಗೆಯುವ ಕಡತ ತಯಾರಿದೆ, ಸದನದಲ್ಲಿ ಯಾರಾದರೂ ಮೇಲಿಂದ ಮೇಲೆ ಕೇಳಿದರೆ ಮಂತ್ರಿಗಳು ಅಲ್ಲೇ ಘೋಷಿಸಿ ಹೆಸರು ಗಿಟ್ಟಿಸುವ ಮನಸ್ಸಿನಲ್ಲಿದ್ದಾರೆ ಎಂದರು.

ಸೋಪಾನನಿಗೆ ಫೋನು ಮಾಡಿ ಎಲ್ಲರಿಗೂ ಕೇಳುವಂತೆ ಗುಡಿಯ ಮೈಕಿಗೆ ಹಿಡಿಯಲು ಹೇಳಿದೆ. "ಆರನೇ ತಾರೀಕು ಹನ್ನೊಂದು ಗಂಟೆಕ ಟೀವಿ ಹಚ್ರಿ. ಅಲ್ಲಿತನಕ ಒಂದು ಗಡ್ಡಿ ಸುದ್ದಾ ಮಾರಬ್ಯಾಡ್ರಿ." ಚಪ್ಪಾಳೆ ಕೇಳಿಸಿತು, ಹಿಂದೆ ಯಾರದೋ ಎತ್ತಿನ ಗಂಟೆ ಸದ್ದು ಕೂಡ. ಕಣ್ಣಲ್ಲಿ ನೀರು ಬಂತು.

ಆಗಸ್ಟ್ 2

ಊರಲ್ಲಿ ನಾಲ್ಕು ದಿನದಿಂದ ಜಿಟಿಜಿಟಿ ಮಳೆ, ಗಾಳಿ ಇಲ್ಲ. ಚಂದ್ರಭಾಗಾ ಫೋನಿನಲ್ಲಿ ಹೇಳಿದಳು: "ಸೋಪಾನಭಾವುನ ಚಾಳಿನ ಮುಂದ ಹಾದು ಬಂದೆ. ನಂಗ್ಯಾಕೋ ಬೆಲ್ಲ ಬಡದಂಗಾತು."

ಸೋಪಾನನಿಗೇ ಫೋನು ಮಾಡಿ ಕೇಳಿದೆ. "ನನಗೇನ್ ತಿಳೀತೈತೋ? ಮೂಗು ನಿಂದು, ನೀ ದಿಲ್ಲಿಯಾಗ. ಹೇಳು, ಒಡೀಲೋ ತಡೀಲೋ? ಈ ಸಲ ಅದೊಂದಽ ಐತಿ ಮತ್ತ, ಬ್ಯಾರೆ ಏನೂ ಹಾಕಿಲ್ಲ" ಅಂದ.

ನಾಲ್ಕು ದಿನದ ಮಾತು. ಎಂಟು ದಿನ ಅವಕಾಶವಿರುತ್ತದೆ. ತಡಿ ಅಂದೆ.

ಆಗಸ್ಟ್ 6

ಬರೆಯಲು ಕೈ ಬರುವುದಿಲ್ಲ. ಆದರೂ ಇದ್ದದ್ದು ಇದ್ದ ಹಾಗೆ ಒಂದು ಕಡೆ ಬರೆದಿಡಬೇಕು, ಬೇರೆಲ್ಲೂ ಹೇಳುವ ಹಾಗಿಲ್ಲ.

ಬೆಳಿಗ್ಗೆ ಒಂಬತ್ತೂವರೆಗೆ ಪಕ್ಷದ ಕೋಣೆಗೆ ಕರೆ ಬಂತು. ಯಾವುದೋ ಬಂದರಿನ ಗುತ್ತಿಗೆಯಲ್ಲಿ ಹಗರಣವಾಗಿದೆ, ಇವತ್ತು ಸದನ ಸೇರುತ್ತಿದ್ದಂತೆ ಎಲ್ಲರೂ ಸ್ಪೀಕರ್ ಮುಂದಿನ ಅಂಗಳಕ್ಕೆ ಇಳಿದು ಕೂಗಬೇಕು ಎಂದು ಮುಖ್ಯ ಸಚೇತಕರ ಅಪ್ಪಣೆ. ಫಲಕಗಳನ್ನು ಹಂಚಿದರು. ನಾನು ಫಲಕ ಹಿಡಿದೇ ಅವರ ಹತ್ತಿರ ಹೋದೆ.

"ಸರ್, ನನ್ನ ಪ್ರಶ್ನೆ ನಾಲ್ಕನೇದು. ಹನ್ನೆರಡರ ತನಕ ಬಿಟ್ಟುಕೊಡಿ, ಆಮೇಲೆ ಬೇಕಾದ್ರೆ ಸಂಜೆ ತನಕ ಕೂಗ್ತೀನಿ."

ಅವರು ನಕ್ಕರು. "ಗಾಂಗುರ್ಡೆಜೀ, ಹೊಸಬರಿಗೆಲ್ಲ ತಮ್ಮ ಪ್ರಶ್ನೇನೇ ಲೋಕದ ಕೊನೇ ಪ್ರಶ್ನೆ ಅನಿಸುತ್ತೆ. ಚಳಿಗಾಲದಲ್ಲಿ ಮತ್ತೆ ಹಾಕಿ, ನಾನೇ ನಿಂತು ಬರೋ ಹಾಗೆ ನೋಡ್ಕೋತೀನಿ."

"ಚಳಿಗಾಲಕ್ಕೆ ಈರುಳ್ಳಿ ಇರಲ್ಲ ಸರ್."

"ಪಕ್ಷ ಇರುತ್ತಲ್ಲ?" ಭುಜದ ಮೇಲೆ ಕೈ ಇಟ್ಟರು. "ಎಲ್ಲರೂ ಕೆಳಗಿಳಿದಾಗ ಒಬ್ಬರೇ ಸೀಟಲ್ಲಿ ಕೂತಿರೋದು ಟೀವೀಲಿ ಚೆನ್ನಾಗಿ ಕಾಣಲ್ಲ. ಮೇಲಿನವರೂ ನೋಡ್ತಿರ್ತಾರೆ. ನಿಮ್ಮ ಗಂಟಲು ನಮಗೆ ಬೇಕು."

ಹನ್ನೊಂದಕ್ಕೆ ಇಳಿದೆ. ಯಾರೂ ನನ್ನ ಕುತ್ತಿಗೆ ಹಿಡಿದು ಇಳಿಸಲಿಲ್ಲ, ನಾನೇ ಇಳಿದೆ. ಇಳಿದ ಮೇಲೆ ಕೂಗಿದೆ. ಹರಾಜು ಕಟ್ಟೆಯಲ್ಲಿ ಪಳಗಿದ ಗಂಟಲು, ಒಮ್ಮೆ ಬಿಚ್ಚಿಕೊಂಡರೆ ತಡೆಯುವುದಿಲ್ಲ. ಸ್ಪೀಕರ್ ಎದ್ದುನಿಂತು, "ಇವತ್ತು ಈರುಳ್ಳಿ ಬೆಳೆಗಾರರ ಪ್ರಶ್ನೆ ಇದೆ. ಕೇಳಬೇಕಾದ ಸದಸ್ಯರೇ ಇಲ್ಲಿ ನಿಂತು ಕೂಗುತ್ತಿದ್ದಾರೆ. ಗಾಂಗುರ್ಡೆಯವರೇ, ತಮ್ಮ ಜಾಗಕ್ಕೆ ಹೋಗಿ, ನಿಮ್ಮ ಪ್ರಶ್ನೆಗೆ ಅವಕಾಶ ಕೊಡುತ್ತೇನೆ" ಎಂದರು. ಹೆಸರು ಹಿಡಿದು ಕರೆದರು. ಎದುರಿನ ಸಾಲಿನಲ್ಲಿ ಮಂತ್ರಿ ಕನ್ನಡಕ ಹಾಕಿಕೊಂಡು ಕಡತ ಬಿಚ್ಚಿ ಕೂತಿದ್ದರು. ನನ್ನ ಜಾಗ ಅಲ್ಲಿಂದ ಇಪ್ಪತ್ತು ಹೆಜ್ಜೆ. ಸಚೇತಕರು ನನ್ನ ಕಡೆ ನೋಡಿದರು. ನಾನು ಫಲಕವನ್ನು ಇನ್ನೂ ಮೇಲಕ್ಕೆತ್ತಿದೆ.

ಏಳು ನಿಮಿಷ. ಗದ್ದಲಕ್ಕೆ ಸದನವನ್ನು ಮುಂದೂಡಿದರು. ಮಂತ್ರಿ ಕನ್ನಡಕ ತೆಗೆದು ಜೇಬಿಗಿಟ್ಟು, ಕಡತದ ದಾರ ಕಟ್ಟಿ ಎದ್ದು ಹೋದರು. ದಾರಕ್ಕೆ ಎರಡು ಗಂಟು ಹಾಕಿದ್ದನ್ನು ನೋಡಿದೆ.

ಮಧ್ಯಾಹ್ನ ಕಾಗದದ ಉತ್ತರ ಬಂತು. (ಎ) ಹೌದು. (ಬಿ) ವಿಷಯವು ಪರಿಶೀಲನೆಯಲ್ಲಿದೆ. (ಸಿ) ಪ್ರಶ್ನೆ ಉದ್ಭವಿಸುವುದಿಲ್ಲ.

ಥೂ ನನ್ನ ಜನ್ಮಕ್ಕೆ.

ಆಗಸ್ಟ್ 7

ಊರಲ್ಲಿ ಪಟಾಕಿ ಹೊಡೆದರಂತೆ. ಟೀವಿಯಲ್ಲಿ ಗದ್ದಲದಿಂದ ಮಾತು ಕೇಳಿಸಲಿಲ್ಲ, ನಾನು ಕೂಗುವುದು ಮಾತ್ರ ಕಂಡಿತು. ಈರುಳ್ಳಿಗಾಗಿ ಕೂಗಿದೆ ಎಂದುಕೊಂಡಿದ್ದಾರೆ.

ಸೋಪಾನ: "ಏನ್ ಕೂಗಿದೀಯೋ ಯಾದ್ಯಾ! ಕುತ್ಗಿ ನರ ಹಗ್ಗ ಆಗಿದ್ವು. ನಮ್ಮವ್ವ ದೃಷ್ಟಿ ತಗದ್ಲು ಟೀವಿಗೆ. ಹಂಗಾದ್ರ ಇನ್ನೆಷ್ಟು ದಿನ?"

ಹೇಳಬೇಕೆಂದಿದ್ದೆ. ಹೇಳಲಾಗಲಿಲ್ಲ. "ಸರ್ಕಾರ ಸಭೆ ನಡೆಸಾಕ ಬಿಡಲಿಲ್ಲ. ಇನ್ನೊಂದೀಟು ತಡೀರಿ" ಎಂದೆ.

ಆಗಸ್ಟ್ 9

ಅಧಿವೇಶನ ಮುಗಿಯಿತು. ಸಚೇತಕರು ಎಲ್ಲರೆದುರು ಬೆನ್ನು ತಟ್ಟಿ, ನನ್ನನ್ನು ಒಂದು ಸಮಿತಿಗೆ ಹಾಕುವುದಾಗಿ ಹೇಳಿದರು. ಅಲ್ಲಿಂದ ಒಳಗೊಳಗೇ ಕೆಲಸ ಮಾಡಿಸಬಹುದು. ಕೂಗಾಡುವುದಕ್ಕಿಂತ ಅದೇ ಒಳ್ಳೆಯ ದಾರಿ. ಅಧಿಕಾರಿಯನ್ನು ಮತ್ತೆ ಕಂಡೆ. ಹದಿನೈದು ದಿನದಲ್ಲಿ ಏನಾದರೂ ಆಗಬಹುದು, ಆದರೆ ಮಾತು ಕೊಡಲಾರೆ ಅಂದರು.

ಆಗಸ್ಟ್ 19, ಖಡಕ್‌ಪಿಂಪ್ರಿ

ನಿನ್ನೆ ಬಸ್ ನಿಲ್ದಾಣದಿಂದ ಗುಡಿಯವರೆಗೆ ಹಲಗೆ ಬಾರಿಸುತ್ತ ಕರೆದೊಯ್ದರು. ಕೊರಳಿಗೆ ಹೊಸ ಈರುಳ್ಳಿ ಹಾರ. ಎದೆ ಮೇಲೆ ಅದರ ಭಾರ ಸಹಿಸಲಾಗಲಿಲ್ಲ. ಎರಡು ಮಾತಾಡಿ ಇಳಿದೆ.

ಇವತ್ತು ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಚಾಳುಗಳ ಕಡೆ ಹೋದೆ. ಊರಿನ ಅರವತ್ತು ಚಾಳಿನವರೂ ಹಿಂದೆ ಬಂದರು. ಸೋಪಾನನ ಚಾಳಿನ ಪಡುವಣಕ್ಕೆ ನಿಂತು ಉಸಿರೆಳೆದೆ. ಏನೂ ಬರಲಿಲ್ಲ. ಒಣ ವಾಸನೆಯೂ ಇಲ್ಲ, ಬೆಲ್ಲವೂ ಇಲ್ಲ. ನೀರಿನ ಮುಂದೆ ನಿಂತ ಹಾಗಿತ್ತು. ದಿಲ್ಲಿಯ ಎ.ಸಿ.ಯಿಂದ ಶೀತವಾಗಿರಬೇಕು. ಅರವತ್ತು ಜನ ನನ್ನ ಮೂಗನ್ನೇ ನೋಡುತ್ತಿದ್ದರು.

ಮೂಗು ಕಟ್ಟಿದೆ ಅಂದುಬಿಡಬಹುದಿತ್ತು. ಆದರೆ ಆ ಕ್ಷಣಕ್ಕೆ, ಇವರ ನಂಬಿಕೆ ಈಗಲೇ ಒಡೆದರೆ ಹೇಗೆ, ಹತ್ತು ದಿನದಲ್ಲಿ ಆದೇಶ ಬಂದೇ ಬರುತ್ತದಲ್ಲ ಅನಿಸಿತು.

"ಇನ್ನೂ ಹತ್ತು ಹದಿನೈದು ದಿನ ತಡೀತೈತಿ" ಎಂದೆ.

ಕೌಸಾಬಾಯಿ ಹಿಂದಿನಿಂದ ಮುಂದೆ ಬಂದಳು. ಅವಳದು ಜುಲೈಯಲ್ಲೇ ಮಾರಿ ಮುಗಿದಿತ್ತು, ಅವಳಿಗೆ ಯಾರ ಹಂಗೂ ಇಲ್ಲ. "ಏನಪಾ, ಈ ಅರಿವಿಲ್ಲದ ಮುದುಕಿ ಮೂಗಿಗೆ ಗಾಣದ ಮನಿ ಹೊಕ್ಕಂಗ ಬಡೀತೈತಿ. ನಿನಗ ಬಡಿಯವಲ್ದ?"

ಸೋಪಾನ ಅವಳನ್ನು ಗದರಿದ. "ಸುಮ್ಕಿರಽ ಕೌಸಾಕಾಕೂ. ಇಪ್ಪತ್ತೆರಡು ವರ್ಷ ಆತು ಅವ ತಪ್ಪಿಲ್ಲ." ನನ್ನ ಮುಖ ನೋಡಿ, "ಹೌದಿಲ್ಲೋ?" ಅಂದ.

ಹೌದು ಅಂದೆ.

ಸೆಪ್ಟೆಂಬರ್ 2, ಎತ್ತಿನ ಹಬ್ಬ

ಆದೇಶ ಬರಲಿಲ್ಲ. ಪೋಳಾ ಹಬ್ಬಕ್ಕೆ ಎತ್ತಿನ ಕೊಂಬಿಗೆ ಬಣ್ಣ ಹಚ್ಚಬೇಕಾದ ಕೈಗಳು ಚಾಳು ಒಡೆದವು. ಮೂರು ದಿನದ ಹಿಂದೆಯೇ ದಬ್ಬೆಯ ಸಂದಿಯಿಂದ ಕಪ್ಪು ನೀರು ಇಳಿಯತೊಡಗಿತ್ತು. ಆಗ ವಾಸನೆ ಹಿಡಿಯಲು ಮೂಗು ಬೇಕಿರಲಿಲ್ಲ, ಹೆದ್ದಾರಿಯವರೆಗೆ ಹಬ್ಬಿತ್ತಂತೆ.

ಸೋಪಾನ ಬಾಗಿಲ ದಬ್ಬೆ ಕಿತ್ತ. ನಾನು ಕೈ ಹಾಕಿದೆ. ಮೊಣಕೈವರೆಗೆ ಇಳಿಯಿತು, ಗಡ್ಡೆಯೇ ಸಿಗಲಿಲ್ಲ, ಬರೀ ಬೆಚ್ಚನೆಯ ರೊಚ್ಚೆ. ನಮ್ಮ ಚಾಳೂ ಹಾಗೇ. ಅರವತ್ತರಲ್ಲಿ ನಲವತ್ತೆಂಟು ಹಾಗೇ.

ಸೋಪಾನ ಕೂಗಾಡಬಹುದು, ಕಪಾಳಕ್ಕೆ ಹೊಡೆಯಬಹುದು ಎಂದುಕೊಂಡಿದ್ದೆ. ಬಯಸಿದ್ದೆ ಕೂಡ. ಅವನು ಜೇಬಿನಿಂದ ನಾಲ್ಕು ಮಡಿಕೆ ಮಾಡಿದ ಪೇಪರಿನ ತುಂಡು ತೆಗೆದ. ಆಗಸ್ಟ್ 7ರ ಚಿತ್ರ. ಬಾಯಿ ತೆರೆದ ನಾನು, ತಲೆಯ ಮೇಲೆ ಫಲಕ.

"ಇದನ್ನ ಮನ್ಯಾಗ ದೇವರ ಜಗಲಿ ಹಂತ್ಯಾಕ ಅಂಟಿಸಿದ್ದೆ. ನಿನ್ನೆ ಮಗಳು ಓದಿದ್ಲು" ಅಂದ. "ನಿನ್ನ ಕೈಯಾನ ಫಲಕದಾಗ ಬಂದರ ಅಂತ ಬರದೈತಂತ. ನಮ್ಮೂರಾಗ ಎಲ್ಲಿ ಐತೋ ಬಂದರ?"

"ಪಕ್ಷದ ಅಪ್ಪಣೆ ಇತ್ತು ಸೋಪಾನ."

"ನಿನ್ನ ಪ್ರಶ್ನೆ ಅವತ್ತ ಇತ್ತಲ್ಲ?"

"ಇತ್ತು."

"ನೀ ಕೂಗಿದ್ದಕ್ಕಽ ಅದು ನಿಂತ್ತೇನು?"

ಎರಡೂ ಕೈ ರೊಚ್ಚೆಯಾಗಿದ್ದವು, ಮುಖ ಮುಚ್ಚಿಕೊಳ್ಳಲೂ ಆಗಲಿಲ್ಲ.

"ನಿಂದೂ ಕೊಳತೈತಿ, ನೋಡೀನಿ. ಅದಕ್ಕ ನಾ ಏನೂ ಅನ್ನಂಗಿಲ್ಲ. ಆದ್ರ ನಿನಗ ಪಗಾರ ಐತಿ" ಅಂದ. ಪೇಪರನ್ನು ಅದೇ ಮಡಿಕೆಗಳಿಗೆ ಸರಿಯಾಗಿ ಮಡಚಿ ನನ್ನ ಜೇಬಿಗೆ ಹಾಕಿ, ಸಲಿಕೆ ತೆಗೆದುಕೊಂಡ. ನಾನೂ ಸಲಿಕೆ ಹಿಡಿಯಲು ಹೋದೆ. "ಬ್ಯಾಡ, ಅಂಗಿ ಬಿಳೇದೈತಿ" ಎಂದ.

ಹೋಳಿಗೆ ಯಾರ ಮನೆಯಲ್ಲೂ ಆಗಲಿಲ್ಲ. ಇಂಥ ಹಬ್ಬವನ್ನು ನಾನು ಕಂಡಿಲ್ಲ, ಇನ್ನು ಮುಂದೆ ನನಗೆ ಹಬ್ಬವೇ ಇಲ್ಲ.

ಸೆಪ್ಟೆಂಬರ್ 3

ಗಾಡಿ ಗಾಡಿ ತುಂಬಿ ಗಿರಣಾ ಹೊಳೆಯ ತಗ್ಗಿಗೆ ಸುರಿದರು. ಎತ್ತುಗಳ ಕೊಂಬಿನಲ್ಲಿ ಅರ್ಧ ಹಚ್ಚಿದ ಬಣ್ಣ.

ಸೆಪ್ಟೆಂಬರ್ 8, ದಿಲ್ಲಿ

ರಾಜೀನಾಮೆ ಬರೆದೆ. ತ್ಯಾಗಿ ಓದಿ, ಎರಡು ಕಡೆ ತಪ್ಪು ತಿದ್ದಿ, "ಕೊಟ್ಟರೆ ಉಪಚುನಾವಣೆ ಬರುತ್ತೆ ಸರ್. ನಿಮ್ಮ ಜಾಗಕ್ಕೆ ಈರುಳ್ಳಿ ವ್ಯಾಪಾರಿ ಬರ್ತಾನೆ. ಆಗ ರೈತರ ಗತಿ?" ಎಂದ. ಅದೂ ನಿಜ. ಪತ್ರ ಈ ದಿನಚರಿಯ ಜನವರಿ ಹಾಳೆಗಳ ನಡುವೆ ಇಟ್ಟಿದ್ದೇನೆ. ಸಮಯ ಬಂದಾಗ ಕೊಡುತ್ತೇನೆ.

ಸೆಪ್ಟೆಂಬರ್ 27

ರಫ್ತು ತಡೆ ತೆಗೆದರು. ಬೆಲೆ ಮೂರಲ್ಲ, ನಾಲ್ಕು ಪಟ್ಟು ಏರಿತು. ಮಾಲು ಇರುವುದು ಶೀತಲ ಗೋದಾಮಿದ್ದ ವ್ಯಾಪಾರಿಗಳಲ್ಲಿ ಮಾತ್ರ. ಕೌಸಾಬಾಯಿಯ ಈರುಳ್ಳಿಯೂ ಅಲ್ಲೇ ಇರಬೇಕು.

ಪಕ್ಷದವರು ಇದು ನಮ್ಮ ಹೋರಾಟದ ಜಯ ಎಂದು ಪ್ರಕಟಿಸಿ ಜಿಲ್ಲಾ ಕೇಂದ್ರದಲ್ಲಿ ಮೆರವಣಿಗೆ ಇಟ್ಟರು. ಬೇಡವೆಂದೆ. ಬರದಿದ್ದರೆ ತಪ್ಪು ಒಪ್ಪಿಕೊಂಡ ಹಾಗಾಗುತ್ತದೆ ಎಂದರು. ತೆರೆದ ಜೀಪಿನಲ್ಲಿ ನಿಂತೆ. ಖಡಕ್‌ಪಿಂಪ್ರಿಯಿಂದ ಯಾರೂ ಬಂದಿರಲಿಲ್ಲ, ದೂರವಾಯಿತೇನೋ.

ನವೆಂಬರ್ 14

ಸಮಿತಿಯ ಸಭೆ. ಊಟ ಚೆನ್ನಾಗಿತ್ತು. ಪಕ್ಷದ ರೈತ ವಿಭಾಗಕ್ಕೆ ರಾಷ್ಟ್ರೀಯ ಉಪಾಧ್ಯಕ್ಷನನ್ನಾಗಿ ಮಾಡಿದ್ದಾರೆ.

ಚಂದ್ರಭಾಗಾಳ ಫೋನು ವಾರಕ್ಕೊಮ್ಮೆಗೆ ಇಳಿದಿದೆ. "ಸಾಹೇಬರದು ಊಟ ಆತೇನ್ರೀ?" ಎಂದು ಕೇಳುತ್ತಾಳೆ. ತಮಾಷೆಗೆ ಇರಬೇಕು.

ಡಿಸೆಂಬರ್ 10

ನನ್ನ ಪ್ರಶ್ನೆ ಎರಡನೇ ನಂಬರಿಗೆ ಬಂತು. ಸಚೇತಕರು ಮಾತು ಉಳಿಸಿಕೊಂಡರು, ಇವತ್ತು ಯಾರೂ ಕೂಗಲಿಲ್ಲ. ಆ ಭಾಗದ ಬೆಳೆಗಾರರ ಸಂಗ್ರಹ ನಷ್ಟದ ಕುರಿತು ನಾಲ್ಕು ನಿಮಿಷ ಮಾತಾಡಿದೆ, ಮೇಜು ಕುಟ್ಟಿದರು. ಮಂತ್ರಿಗಳು ಎದ್ದುನಿಂತು, ಸದ್ಯ ಬೆಳೆಗಾರರ ಬಳಿ ಸಂಗ್ರಹವೇ ಇಲ್ಲದಿರುವುದರಿಂದ ಪ್ರಶ್ನೆ ಉದ್ಭವಿಸುವುದಿಲ್ಲ, ಪರಿಹಾರದ ವಿಷಯ ಪರಿಶೀಲನೆಯಲ್ಲಿದೆ ಎಂದರು. ಬಾಯಿಂದಲೇ ಹೇಳಿದರು, ಅದು ದಾಖಲೆಗೆ ಹೋಗುತ್ತದೆ. ಒಟ್ಟಿನಲ್ಲಿ ತೃಪ್ತಿಕರ. ತ್ಯಾಗಿ ದೃಶ್ಯದ ತುಣುಕನ್ನು ಎಲ್ಲರಿಗೂ ಕಳಿಸಿದ. ಸೋಪಾನನಿಗೂ ಹೋಗಿದೆ, ನೋಡಿದ ಗುರುತು ಬಿದ್ದಿಲ್ಲ.

ಡಿಸೆಂಬರ್ 28, ಖಡಕ್‌ಪಿಂಪ್ರಿ

ಊರ ಮನೆಯ ಪಡಸಾಲೆಯನ್ನು ಈಗ ಜನ ಕಾಣಲು ಬರುವ ಕಚೇರಿ ಮಾಡಿದ್ದೇವೆ. ಕಿಟಕಿ ಮುಚ್ಚಿಸಿ ಎ.ಸಿ. ಹಾಕಿಸಿದ್ದಾಗಿದೆ. ಇವತ್ತು ಬೆಳಿಗ್ಗೆ ಮೂವತ್ತು ಜನ ಬಂದಿದ್ದರು. ತ್ಯಾಗಿ ಚೀಟಿ ಕೊಟ್ಟು ಸಾಲಾಗಿ ಬಿಡುತ್ತಿದ್ದ.

ಹನ್ನೆರಡನೆಯವನು ಸೋಪಾನ. ಚಪ್ಪಲಿ ಹೊರಗೆ ಬಿಟ್ಟು ಬಂದ, ಕೈಯಲ್ಲಿ ಬರೆಸಿಕೊಂಡು ತಂದ ಅರ್ಜಿ. ಸಾಲಿನಲ್ಲಿ ಎಷ್ಟು ಹೊತ್ತಿನಿಂದ ಇದ್ದನೋ, ಯಾರೂ ನನಗೆ ಹೇಳಲಿಲ್ಲ. "ಲೇ, ನೀನ್ಯಾಕೋ ಸಾಲಿನ್ಯಾಗ?" ಅಂದೆ. ಅವನು ನಿಂತೇ ಇದ್ದ.

ತ್ಯಾಗಿ ಪೂರ್ತಿ ಹೆಸರು ಕೇಳಿದ.

"ಸೋಪಾನ ತುಕಾರಾಮ ದೇವರೆ, ಮುಕ್ಕಾಂ ಖಡಕ್‌ಪಿಂಪ್ರಿ" ಎಂದು ಹೇಳಿದ. ನಾನು ನಕ್ಕೆ. ಅವನು ನಗಲಿಲ್ಲ.

ಹೆದ್ದಾರಿ ಪಕ್ಕ ಒಬ್ಬ ವ್ಯಾಪಾರಿಯ ಈರುಳ್ಳಿ ಗೋದಾಮಿದೆ, ಅಲ್ಲಿ ಕಾವಲುಗಾರ ಬೇಕಂತೆ. ಎಂ.ಪಿ.ಯವರ ಒಂದು ಪತ್ರ ಇದ್ದರೆ ಕೆಲಸ ಸಿಗುತ್ತದಂತೆ. ಹೊಲ ಈ ವರ್ಷ ಬೀಳು ಬಿಟ್ಟಿದ್ದಾನೆ. ಚಾಳಿನ ದಬ್ಬೆ ಕಿತ್ತು ಉರುವಲಿಗೆ ಹಾಕಿದ್ದಾನೆ.

"ಪರಿಹಾರ ಏನಾರ ಬರ್ತೈತೇನ್ರಿ?" ಎಂದೂ ಕೇಳಿದ.

"ಪರಿಶೀಲನೆಯಾಗ ಐತಿ" ಎಂದೆ. ಇದ್ದದ್ದನ್ನೇ ಹೇಳಿದ್ದು.

ತ್ಯಾಗಿ ತನ್ನ ನಮೂನೆಯಲ್ಲಿ ಪತ್ರ ಟೈಪ್ ಮಾಡಿ ತಂದ. 'ಅರ್ಜಿದಾರರು ನನಗೆ ಕೆಲವು ವರ್ಷಗಳಿಂದ ಪರಿಚಿತರು.' 'ಕೆಲವು' ಎಂಬುದನ್ನು ಹೊಡೆದು 'ಹಲವು' ಎಂದು ಬರೆದು ಸಹಿ ಹಾಕಿದೆ. ಚಂದ್ರಭಾಗಾ ಒಳಗಿನಿಂದ ಚಹಾ ತಂದು ಅವನ ಕೈಗೆ ಕೊಟ್ಟಳು, ನನ್ನ ಕಡೆ ನೋಡಲಿಲ್ಲ. ಅವನು ನಿಂತೇ ಕುಡಿದು ಲೋಟ ತೊಳೆಯಲು ಹೋದ, ಅವಳು ಕಸಿದುಕೊಂಡಳು.

ಹೋಗುವಾಗ ಬಾಗಿಲಲ್ಲಿ ನಿಂತು ಒಮ್ಮೆ ಉದ್ದಕ್ಕೆ ಉಸಿರೆಳೆದ.

"ನಿಮ್ಮ ಮನ್ಯಾಗ ವಾಸನಿ ಭಾಳ ಚಲೋ ಐತ್ರಿ ಸಾಹೇಬ್ರ" ಅಂದ.

ಯಾವ ವಾಸನೆಯೋ, ನನಗೇನೂ ಬರಲಿಲ್ಲ. ಇನ್ನೂ ಹದಿನೆಂಟು ಜನ ಕಾದಿದ್ದರು. ಮುಂದಿನವರನ್ನು ಬಿಡು ಎಂದು ತ್ಯಾಗಿಗೆ ಹೇಳಿದೆ.